ಭುವನೇಶ್ವರಿ ಫೋನಿನ್ಯಾಗ ನನ್ನ ಕೈವಾಡ

ನಾನೇನು ಕೆಟ್ಟ ಮನಷ್ಯಾ ಅಲ್ರಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಮುಂದಿಂದು ಓದಿದ ಮ್ಯಾಲ ನೀವು ನನ್ನ ಮಾತು ಕೇಳಂಗಿಲ್ಲ.

ಹೆಸರು ಅಂಬ್ರಪ್ಪ. ಸುರಪುರದಾಗ ಒಂದು ಆಫೀಸಿನ್ಯಾಗ ಗುಮಾಸ್ತ. ಮನಿಯಿಂದ ಆಫೀಸಿಗೆ ಒಂಬತ್ತು ನಿಮಿಷದ ಹಾದಿ, ನಡುವ ಒಂದು ಚಾದಂಗಡಿ. ಮಧ್ಯಾಹ್ನ ಮನಿಗೆ ಬಂದು, ಹೆಂಡ್ತಿ ಮುಚ್ಚಿಟ್ಟು ಹೋದ ರೊಟ್ಟಿ ಪಲ್ಯ ಉಂಡು, ಹದಿನೈದು ನಿಮಿಷ ಕಣ್ಣು ಮುಚ್ಚಿ ಮತ್ತ ಹೋಗೂದು. ಮಕ್ಕಳಿಬ್ಬರೂ ಕಲಬುರಗಿ ಹಾಸ್ಟೆಲಿನ್ಯಾಗ. ಇದಕ್ಕಿಂತ ದೊಡ್ಡ ಸಾಮ್ರಾಜ್ಯ ಯಾವ ರಾಜಾ ಆಳ್ಯಾನ ಹೇಳ್ರಿ?

ಹೆಂಡ್ತಿ ಭುವನೇಶ್ವರಿ ಕೆಂಭಾವಿಯೊಳಗ ಸರಕಾರಿ ಸಾಲಿ ಟೀಚರ್. ಹನ್ನೊಂದು ವರ್ಷದಿಂದ ದಿನಾ ಬಸ್ಸಿಗೆ ಹೋಗಿ ಬರ್ತಾಳ. ನಿಂತು ನಿಂತು ಆಕಿ ಮೊಣಕಾಲು ಹಿಡಕೊಂಡಾವ ಅಂತ ನನಗ ಗೊತ್ತಿತ್ತು. (ಗೊತ್ತಿತ್ತು ಅನ್ನೂದು ನನ್ನ ಅಪರಾಧಕ್ಕ ಇನ್ನೊಂದು ಕಲಮು ಸೇರಿಸ್ತದ.)

ಒಂದಿನ ಸಂಜಿಮುಂದ ಬಸ್ಸಿಳದು ಬಂದಾಕಿ, ಚೀಲ ಇಡೂಕಿಂತ ಮೊದಲ ಅಂದ್ಲು: "ಏನ್ರಿ, ವರ್ಗಾವಣಿ ಅರ್ಜಿ ಬಿಟ್ಟಾರ. ರಾಮಸಮುದ್ರದಾಗ ಒಂದು ಜಾಗಾ ಖಾಲಿ ಅದ. ಹಾಕ್ತೀನಿ."

"ರಾಮಸಮುದ್ರ ಅಂದ್ರ?"

"ರಾಮಸಮುದ್ರ ಅಂದ್ರ ರಾಮಸಮುದ್ರ. ಯಾದಗಿರಿ ಹತ್ರ. ನಮ್ಮವ್ವನ ಊರು. ಮದವಿಗೆ ಬಂದಿದ್ರಲ್ಲ, ಮರತ್ರೇನು?"

ಮರಿಯೂದು ಹೆಂಗ? ನಮ್ಮತ್ತಿ ಹನುಮಮ್ಮ ಕೆಟ್ಟಾಕಿ ಅಲ್ಲ, ಆದ್ರ ಆಕಿ ಕಣ್ಣಿಗೆ ಬಿದ್ದ ಗಂಡಸು ಖಾಲಿ ಕೂಡಬಾರದು. ಮೂರು ದಿನದ ಹಬ್ಬಕ್ಕ ಹೋದ್ರ ಮೊದಲನೇ ದಿನ ತೊಗರಿ ಒಣಹಾಕಸ್ತಾಳ, ಎರಡನೇ ದಿನ ಮಾಳಗಿ ಹತ್ತಸ್ತಾಳ, ಮೂರನೇ ದಿನ ಹತ್ತು ಮಂದಿ ಎದುರು ನನ್ನ ಹೊಟ್ಟಿ ನೋಡಿ "ಅಳಿಯರ, ಸುರಪುರದಾಗ ಕೂತು ಕೂತು ಇದೇನು ಬೆಳಸೀರಿ?" ಅಂತ ಕೇಳ್ತಾಳ. ಮೂರು ದಿನದ ಕಥಿ ಇದು. ಮುನ್ನೂರಾ ಅರವತ್ತೈದು ದಿನದ್ದು ನೀವೇ ವಿಚಾರ ಮಾಡ್ರಿ.

"ನನ್ನ ಆಫೀಸು?" ಅಂದೆ.

"ನಾ ಹನ್ನೊಂದು ವರ್ಷ ಬಸ್ಸಿಗೆ ಹೋಗೀನಿ. ಈಗ ನೀವು ಹೋಗ್ರಿ."

"ಈ ಮನಿ?"

"ಬಾಡಿಗಿದು. ಬಿಟ್ರ ಬಿಡ್ತದ."

"ನನ್ನ ಗೆಳೆಯಾರು?"

"ಚಾದಂಗಡಿ ಎಲ್ಲಾ ಊರಾಗೂ ಇರ್ತಾವ. ಅಲ್ಲಿ ಖಾಲಿ ಕೂಡೂ ಗೆಳೆಯಾರೂ ಇರ್ತಾರ."

ಮಾತು ಮುಗೀತು. ಅರ್ಜಿಗೆ ಇನ್ನೂ ಇಪ್ಪತ್ತು ದಿನ ಇತ್ತು. ಯಾರದರೆ ಲಗ್ನಕ್ಕ ರಜಾ ಚೀಟಿ ಬರದಷ್ಟು ನಿರಾಳ ಆಗಿ ಆಕಿ ಅಡಗಿಮನಿಗೆ ಹೋದ್ಲು. ನಾನು ಗ್ವಾಡಿ ನೋಡ್ಕೋತ ಕೂತೆ.

ಮರುದಿನ ಆಫೀಸಿನ್ಯಾಗ ಮಸರತ ಸಿಕ್ಕಳು. ಕಂಪ್ಯೂಟರ್ ಆಪರೇಟರ್ ಹುಡುಗಿ, ನಮ್ಮಲ್ಲಿ ಯಂತ್ರಕ್ಕ ಅಂಜಲಾರದ ಏಕೈಕ ಜೀವ. ಆವತ್ತು ಆಕಿಗೂ ಅವರವ್ವನ ಚಿಂತಿ ಇತ್ತು.

"ಸರ್, ಒಮ್ಮೆ ನಮ್ಮ ಅಮ್ಮೀ ಫೋನಿನ್ಯಾಗ ಮಂಡಿನೋವಿನ ಎಣ್ಣಿ ಹುಡುಕಿಕೊಟ್ಟೆ ನೋಡ್ರಿ. ಅವತ್ತಿಂದ ಎಣ್ಣಿ, ಪಟ್ಟಾ, ಮಂಡಿ ಡಾಕ್ಟರ್, ಬರೇ ಅದೇ ಬರ್ತದ. ಈಗ ಅಮ್ಮೀಗೆ ಊರಮಂದಿಗೆಲ್ಲಾ ಮಂಡಿನೋವು ಅದ ಅಂತ ಖಾತ್ರಿ ಆಗ್ಯದ. ನಾ ನಡಿಯೂದನ್ನೂ ಹಿಂದಿಂದ ನೋಡಾಕತ್ತಾಳ."

"ಅಂದ್ರ, ಏನು ಹುಡುಕ್ತೀವಿ ಅದೇ ತೋರಸ್ತದ?"

"ಹುಡುಕಿದ್ದು ತೋರಸ್ತದ. ತೋರಸಿದ್ದು ನೋಡ್ತೀವಿ, ನೋಡಿದ್ದು ನಂಬ್ತೀವಿ, ನಂಬಿದ್ದನ್ನೇ ಮತ್ತ ಹುಡುಕ್ತೀವಿ. ಮುಗೀತಲ್ರಿ ಸರ್ ಜಿಂದಗಿ."

ಆ ಹುಡುಗಿ ಪಾಪ, ತನ್ನ ತಕಲೀಫು ಹೇಳಿಕೊಂಡಿತ್ತು. ನನಗ ಮಾತ್ರ ಅದು ಯುದ್ಧಶಾಸ್ತ್ರದ ಉಪದೇಶ ಆಗಿ ಕೇಳಸ್ತು.

ಕಾರ್ಯಾಚರಣೆ ಮರುದಿನ ಮುಂಜಾನಿ ಆರಕ್ಕ ಶುರು ಆತು. ಅಡಗಿಮನಿಯಿಂದ ಬರೂ ರೊಟ್ಟಿ ಬಡಿಯೂ ಸಪ್ಪಳ ನಿಲ್ಲೂತನಕ ಆಕಿ ಎರಡೂ ಕೈ ಹಿಟ್ಟಿನ್ಯಾಗ ಇರ್ತಾವ. ಆಕಿ ಫೋನಿಗೆ ಲಾಕು ಇಲ್ಲ; ಗಂಡನ ಮ್ಯಾಲ ಅಷ್ಟು ಭರೋಸಾ. ನಾನು ಪಡಸಾಲ್ಯಾಗ ಬನಿಯನ್ ಮ್ಯಾಲ ಕೂತು, ಆಕಿ ಫೋನಿನ್ಯಾಗ "ಯಾದಗಿರಿ ಸೊಳ್ಳಿ ಕಾಟ" ಅಂತ ಹುಡುಕಿದೆ. ಆಮ್ಯಾಲ "ಸೊಳ್ಳಿಯಿಂದ ಬರೂ ಜ್ವರ" ಅಂತ. ಯಂತ್ರಕ್ಕ ಖಾತ್ರಿ ಆಗಲಿ ಅಂತ ಎರಡು ವಿಡಿಯೋ ಆವಾಜ್ ಬಂದ್ ಮಾಡಿ ಕಡೀತನಕ ನೋಡಿದೆ. ಸಪ್ಪಳ ನಿಂತ ಕೂಡ್ಲೆ ಫೋನು ಇದ್ದಲ್ಲೇ ಇಟ್ಟು, ಪೇಪರ್ ಹಿಡಕೊಂಡೆ.

ನಾಕನೇ ದಿನಕ್ಕ ಫಲ ಬಂತು.

"ಏನ್ರಿ, ಸೊಳ್ಳಿ ವಿಪರೀತ ಆಗ್ಯಾವಲ್ರಿ," ಅಂದ್ಲು.

ನನ್ನ ಎದಿ ಉಬ್ಬಿತು. "ಹೌದು ಹೌದು, ಆ ಯಾದಗಿರಿ ಕಡೆ..."

"ಯಾದಗಿರಿ ಯಾಕ? ಇಲ್ಲೇ! ನನ್ನ ಫೋನಿನ್ಯಾಗ ಎಲ್ಲಿ ನೋಡಿದ್ರೂ ಸೊಳ್ಳಿ ಪರದೆ, ಸೊಳ್ಳಿ ಬತ್ತಿ. ನಾವು ಯಾವ ಊರಾಗ ಇದ್ದೀವಿ ಅಂತ ಅದಕ್ಕ ಗೊತ್ತಿರ್ತದಂತ. ಸುಮ್ಮನ ತೋರಸ್ತದೇನು? ಈ ಸುರಪುರ ಜಲ್ದಿ ಬಿಟ್ರ ಸಾಕಾಗ್ಯದ."

ಫೋನಿನ ಪರದೆಯೊಳಗಿಂದ ಒಂದು ಸೊಳ್ಳಿ ಪರದೆ ಹುಟ್ಟಿ, ಮೂರು ದಿನದಾಗ ಪಾರ್ಸಲ್ ಆಗಿ ಮನಿಗೆ ಬಂತು. ಒಂದೂ ಸೊಳ್ಳಿ ಇಲ್ಲದ ಮನಿಯಾಗ, ಉರಿ ಬಿಸಲಿನ ಮಧ್ಯಾಹ್ನ, ನಾನು ಆ ಪರದೆಯೊಳಗ ಬಲಿಗೆ ಬಿದ್ದ ಮೀನಿನ್ಹಂಗ ಬೆವತು ಮಲಗಿದೆ. ಬುದ್ಧಿ ಇದ್ದವ ಆಗಿದ್ರ ಅಲ್ಲಿಗೇ ಬಿಡ್ತಿದ್ದ. ನಾನು ಹೊಡತ ಇನ್ನೂ ಆಳಕ್ಕ ಹಾಕಬೇಕು ಅಂದುಕೊಂಡೆ.

ಮರುದಿನ ಮುಂಜಾನಿ ಹುಡುಕಿದ್ದು ಇದು: "ಮಗಳು ತವರಿಗೆ ಹತ್ರ ಇದ್ರ ಭಾರ ಆಗ್ತಾಳೇನು?"

ಫೋನು ಇಂಥಾ ಪ್ರಶ್ನಿಗೇ ಕಾಯ್ತಿತ್ತು ಅಂತ ಕಾಣ್ತದ. ಕೆಂಪು ಅಕ್ಷರದಾಗ, ಅಳೂ ಸಂಗೀತದ ಜೋಡಿ, ಜವಾಬಿನ ಮ್ಯಾಲ ಜವಾಬು. "ತವರಿನವರಿಗೆ ನೀವು ಬ್ಯಾಸರ ಆಗೀರಿ ಅನ್ನೂದಕ್ಕ ಹನ್ನೊಂದು ಲಕ್ಷಣ." ಅದರಾಗ ಮೂರನೇದು: ಅವ್ವ ಫೋನ್ ಮಾಡಿದ ಕೂಡ್ಲೆ "ಉಂಡೇನು?" ಅಂತ ಕೇಳಿದ್ರ, ಆಕಿಗೆ ಮಾತು ಜಲ್ದಿ ಮುಗಸೂದದ ಅಂತ ಅರ್ಥ. ಜಗತ್ತಿನ್ಯಾಗ "ಉಂಡೇನು" ಅಂತ ಕೇಳಲಾರದ ಅವ್ವ ಯಾಕಿ ಅದಾಳ್ರಿ? ನಾನು ನಕ್ಕೆ. ನಕ್ಕು, ಕಡೀತನಕ ನೋಡಿ, ಅಂಥಾವೇ ಇನ್ನೂ ನಾಕು ನೋಡಿದೆ.

ಈ ಸಲ ಮದ್ದು ಹತ್ತಿತು.

ಮೊದಲ ದಿನಾ ಅರ್ಧಾ ತಾಸು ಅವ್ವನ ಜೋಡಿ ಮಾತಾಡಾಕಿ ಐದು ನಿಮಿಷಕ್ಕ ಇಳಿದ್ಲು. ಎರಡು ದಿನ ಬಿಟ್ಟು "ಬಸ್ಸಿನ್ಯಾಗ ಇದ್ದೀನವ್ವಾ" ಅಂತ ಮನಿಯೊಳಗ ಕುರ್ಚಿ ಮ್ಯಾಲ ಕೂತು ಹೇಳಿದ್ಲು. ಆಮ್ಯಾಲ ಫೋನು ಎತ್ತೂದೇ ಬಿಟ್ಲು. ಅದು ಹೊಡಕೋತಿತ್ತು, ಆಕಿ ಮಕ್ಕಳ ಪರೀಕ್ಷಿ ಪೇಪರ್ ತಿದ್ದಕೋತ ಕೂಡ್ತಿದ್ಲು. ಒಂದಿನ ಅವ್ವಗ ಅಂತ ತಂದಿಟ್ಟ ಇಳಕಲ್ ಸೀರಿ ಬ್ಯಾಗಿನಿಂದ ತಗದು ಟ್ರಂಕಿನ ತಳಕ್ಕ ಇಟ್ಲು.

"ಅರ್ಜಿ ಹಾಕಂಗಿಲ್ರಿ," ಅಂದ್ಲು. "ಬ್ಯಾಡ ಅನಿಸ್ತು."

ಗೆದ್ದೆ! ಚಾದಂಗಡಿಗೆ ಹೋಗಿ ನಾಕು ಮಂದಿಗೆ ಚಾ ಕುಡಿಸಿದೆ. ತಿರಗಿ ಬಂದಾಗ ಆಕಿ ಟ್ರಂಕಿನ ಹತ್ರನೇ ಕೂತಿದ್ಲು, ದೀಪ ಹಚ್ಚಿರಲಿಲ್ಲ.

"ಯಾಕ ಭುವನಾ?"

"ಏನಿಲ್ರಿ. ಮಗಳು ಹತ್ರ ಬಂದ್ರ ತವರಿಗೆ ಭಾರ ಅಂತ. ಮೊದಲ ನಂಬಲಿಲ್ಲ. ಆದ್ರ ಎಲ್ಲಾ ಕಡೆ ಅದೇ ಬರಾಕತ್ತದ. ಡಾಕ್ಟರ್ರು ಹೇಳ್ತಾರ, ಸ್ವಾಮಿಗಳು ಹೇಳ್ತಾರ, ನಮ್ಮಂಥಾ ಹೆಣ್ಮಕ್ಕಳು ಅಳಕೋತ ಹೇಳ್ತಾರ. ಅಷ್ಟು ಮಂದಿ ಸುಳ್ಳು ಹೇಳ್ತಾರೇನ್ರಿ?"

ಅಷ್ಟು ಮಂದಿ ಅಂದ್ರ ನಾನೊಬ್ಬನೇ, ಮುಂಜಾನಿ ಆರಕ್ಕ, ಬನಿಯನ್ ಮ್ಯಾಲ. ಹೇಳಬೇಕು ಅಂತ ಬಾಯಿ ತಗದೆ. "ಚಾ ಮಾಡ್ಲೇನು?" ಅಂತ ಬಂತು.

ಹೇಳೂ ಧೈರ್ಯ ಇಲ್ಲದಕ್ಕ, ಮುಳ್ಳು ಹಾಕಿದ ಹಾದಿಯಿಂದಲೇ ತಗೀಬೇಕು ಅಂದುಕೊಂಡೆ. ಮರುದಿನದಿಂದ ಉಲ್ಟಾ ಹುಡುಕಿದೆ: "ಅವ್ವ ಮಗಳ ಪ್ರೀತಿ." ಫೋನಿಗೆ ಪ್ರೀತಿಗಿಂತ ಕಣ್ಣೀರು ಭಾಳ ಇಷ್ಟ ನೋಡ್ರಿ. ಬಂದಿದ್ದೆಲ್ಲಾ ತೀರಿಹೋದ ಅವ್ವಂದಿರು! ಹೂವಿನ ಹಾರದ ಫೋಟೋ, ಖಾಲಿ ಕುರ್ಚಿ, "ಇದ್ದಾಗ ಬೆಲಿ ತಿಳಿಲಿಲ್ಲ" ಅನ್ನೂ ಹಾಡು. ಎರಡು ದಿನದಾಗ ಭುವನೇಶ್ವರಿ ಮಾರಿ ಬಿಳುಪೇರಿತು.

"ಏನ್ರಿ, ನನಗ ಬರೇ ಸತ್ತ ಅವ್ವಂದಿರು ಕಾಣಾಕತ್ತಾರ. ನಮ್ಮವ್ವಗ ಏನರೆ ಆಗ್ತದೇನ್ರಿ?"

"ಫೋನ್ ಮಾಡಿ ಕೇಳು."

"ಅಂಜಿಕಿ ಬರ್ತದ. ಇಷ್ಟು ದಿನ ಎತ್ತಿಲ್ಲ. ಏನಂತ ಮಾತಾಡ್ಲಿ?"

ಒಂದು ಹೆಂಗಸಿಗೆ ಅವ್ವನ ಮ್ಯಾಲ ಸಂಶಯ ಹುಟ್ಟಿಸೂದು ಆರು ದಿನದ ಕೆಲಸ. ಅದನ್ನ ತಗಿಯೂದು ಯಾವ ಹುಡುಕಾಟಕ್ಕೂ ಸಿಗೂದಿಲ್ಲ. ನನಗ ಊಟ ಸೇರಲಾರದಂಗ ಆತು. ಚಾದಂಗಡಿ ಚಾನೂ ಕಹಿ ಹತ್ತಿತು.

ಅರ್ಜಿಗೆ ಕಡೇ ದಿನ ಆದಿತ್ಯವಾರ ಬಂತು. ಹತ್ತು ಗಂಟೆ ಸುಮಾರು ಭುವನೇಶ್ವರಿ ಒಳಗ ರೊಟ್ಟಿ ಬಡಿಯಾಕತ್ತಿದ್ಲು, ನಾನು ಹೊರಗ ಆಕಿ ಫೋನಿನ್ಯಾಗ ಪ್ರಾಯಶ್ಚಿತ್ತ ಹುಡುಕಾಕತ್ತಿದ್ದೆ. ಬಾಗಲದಾಗ ನೆರಳು ಬಿತ್ತು. ತಲಿ ಎತ್ತಿ ನೋಡಿದ್ರ ನಮ್ಮತ್ತಿ ಹನುಮಮ್ಮ! ಎರಡು ಬಸ್ಸು ಬದಲಿಸಿ ಬಂದು, ಕಂಕಳಾಗ ಗಂಟು ಹಿಡದು ನಿಂತಾಳ. ಆಕಿ ನನ್ನ ನೋಡಲಿಲ್ಲ, ನನ್ನ ಕೈ ನೋಡಿದ್ಲು.

"ಅದು ನನ್ನ ಮಗಳ ಫೋನಲ್ಲೇನು?"

"ಹೌದ್ರಿ ಅತ್ತಿ, ಅದು..."

"ಹಾಂ! ಅಳಿಯರ ಕೈಯಾಗದ, ಅದಕ್ಕ ಮಗಳು ಎತ್ತವಲ್ಲಳು. ನಾ ಐದಾರು ದಿನದಿಂದ ಜೀವ ಕೈಯಾಗ ಹಿಡಕೊಂಡು ಕೂತೀನಿ. ಭುವನಿ! ಬಾ ಹೊರಗ!"

ಭುವನೇಶ್ವರಿ ಹಿಟ್ಟಿನ ಕೈಲೇ ಓಡಿಬಂದ್ಲು. ಜೀವಂತ ಅವ್ವನ ನೋಡಿ ಅಲ್ಲೇ ನಿಂತ್ಲು. ಆಮ್ಯಾಲ ಫೋನ್ ನೋಡಿದ್ಲು. ಅದರ ಮ್ಯಾಲ ದೊಡ್ಡ ಅಕ್ಷರದಾಗ ಇತ್ತು: "ಅವ್ವನ ಮ್ಯಾಲಿನ ಸಂಶಯ ಹೋಗಲಾಡಿಸೂದು ಹೆಂಗ?"

"ಇದನ್ನ ನಾ ಬರದಿಲ್ಲ," ಅಂದ್ಲು.

ಇನ್ನೇನು ಉಳದಿತ್ರಿ? ನಿಂತು ಎಲ್ಲಾ ಹೇಳಿಬಿಟ್ಟೆ. ಮಸರತ ಹೇಳಿದ್ದು, ರೊಟ್ಟಿ ಸಪ್ಪಳ, ಎಲ್ಲಾ. ಒದರ್ತಾಳ ಅಂದುಕೊಂಡಿದ್ದೆ. ಒದರಿದ್ರ ಚೊಲೊ ಇತ್ತು.

"ಎಷ್ಟು ದಿನದಿಂದ?" ಸಣ್ಣ ದನಿಲೆ ಕೇಳಿದ್ಲು.

"ಹದಿನೆಂಟು."

"ಆ ಸೊಳ್ಳಿ?"

"ನಾನೇ."

"ಸತ್ತ ಅವ್ವಂದಿರು?"

"ಅದು ತಪ್ಪಿ ಆತು. ಪ್ರೀತಿ ಹುಡುಕಾಕ ಹೋಗಿದ್ದೆ."

ಆಕಿ ಅವ್ವನ ಕಡೆ ತಿರಗಿದ್ಲು. "ಅವ್ವಾ, ಫೋನ್ ಮಾಡಿದ ಕೂಡ್ಲೆ ಉಂಡೇನು ಅಂತ ಯಾಕ ಕೇಳ್ತಿ?"

ಹನುಮಮ್ಮಗ ತಲಿ ಬುಡ ತಿಳಿಲಿಲ್ಲ. "ಮತ್ತೇನು ಕೇಳ್ಲಿ? ರಾಜ್ಯದ ಕಾರಭಾರ ಕೇಳ್ಲೇನು? ಹಸದ ಹೊಟ್ಟಿಲೆ ಬಸ್ಸಿಗೆ ಓಡೂ ಹುಡುಗಿ. ಉಂಡೀನಿ ಅಂದ್ರ ನನಗೂ ತುತ್ತು ಇಳಿತದ. ಅದಕ್ಕ."

ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡ್ಲು. ಸೆರಗೆಲ್ಲಾ ಹಿಟ್ಟು ಆತು. ಅತ್ತು ಮುಗದ ಮ್ಯಾಲ ನನ್ನ ಎದುರು ಕೂತು ಅಂದ್ಲು:

"ಈಗ ನನಗ ಏನೂ ತಿಳಿವಲ್ದು. ಮೊದಲ ಹೋಗಬೇಕು ಅನಸ್ತಿತ್ತು, ಆಮ್ಯಾಲ ಬ್ಯಾಡ ಅನಿಸ್ತು. ಈಗ ಮತ್ತ ಹೋಗಬೇಕು ಅನಸ್ತದ. ಇದು ನನ್ನ ಮನಸ್ಸೋ, ನೀವು ನಿನ್ನಿ ಹುಡುಕಿದ್ದೋ? ನನ್ನೊಳಗ ನಂದು ಯಾವುದು, ನೀವು ಇಟ್ಟಿದ್ದು ಯಾವುದು, ಹೆಂಗ ಆರಿಸ್ಲಿ?"

ನಾನು ಆಕಿ ಫೋನು ಆಕಿ ಮುಂದ ಇಟ್ಟೆ.

"ನೀವೇ ಹೇಳ್ರಿ," ಅಂದ್ಲು. "ಮರೀಲೆ ನಿಂತು ಬ್ಯಾಡ, ನನ್ನ ಮಾರಿ ನೋಡಿ ಹೇಳ್ರಿ. ಹಾಕ್ಲೇನು, ಬಿಡ್ಲೇನು? ನೀವು ಅಂದಂಗ ಮಾಡ್ತೀನಿ."

ಇಪ್ಪತ್ತೆರಡು ವರ್ಷದ ಸಂಸಾರದಾಗ ಆಕಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಬಿಡು ಅಂದಿದ್ರ ಖರೇನೇ ಬಿಡ್ತಿದ್ಲು. ಒಂದು ಶಬ್ದ, ಎರಡು ಅಕ್ಷರ; ಸುರಪುರ ನನ್ನದೇ. ಆಕಿ ಹಿಟ್ಟು ಹತ್ತಿದ ಮಾರಿ ನೋಡಿದೆ. ಕಣ್ಣೊಳಗ ಜಗಳ ಇರಲಿಲ್ಲ, ಹಠ ಇರಲಿಲ್ಲ. ಹಠ ಇಲ್ಲದ ಭುವನೇಶ್ವರಿಯನ್ನ ನಾನು ಎಂದೂ ನೋಡಿರಲಿಲ್ರಿ. ನನಗ ಭಯ ಆತು.

"ಹಾಕು," ಅಂದೆ.

ಅರ್ಜಿ ನಾನೇ ಆಕಿ ಫೋನಿನ್ಯಾಗ ತುಂಬಿದೆ. ಎರಡು ಸಲ ನಿಂತು, ಮೂರನೇ ಸಲಕ್ಕ "ಸ್ವೀಕರಿಸಲಾಗಿದೆ" ಅಂತ ಬಂತು. ಹನುಮಮ್ಮ ಗಂಟು ಬಿಚ್ಚಿ ಶೇಂಗಾ ಹೋಳಗಿ ತಗದ್ಲು. ಮಗಳಿಗೆ ಎರಡು ಕೊಟ್ಟು, ನನಗ ಒಂದು ಕೊಟ್ಟು, ಆರಾಮ ಗ್ವಾಡಿಗೆ ಒರಗಿದ್ಲು.

"ಮ್ಯಾಲಿನ ಖೋಲಿಗೆ ಸುಣ್ಣ ಹಚ್ಚಿಸಿ ಹದಿನೈದು ದಿನ ಆತು," ಅಂದ್ಲು.

"ಯಾರು ಬರ್ತಾರಂತ ಹಚ್ಚಿಸಿದ್ರಿ ಅತ್ತಿ? ಅರ್ಜಿ ಹಾಕಂಗಿಲ್ಲ ಅಂತ ಈಕಿ ಹೇಳಿದ್ಲಲ್ಲ?"

"ನನಗ್ಯಾರು ಹೇಳ್ಯಾರ? ನಂದು ಗುಂಡಿ ಒತ್ತೂ ಫೋನು. ಮಗಳು ಬರ್ತಾಳ ಅಂತ ನನಗ ಮೊದಲೇ ಅನಿಸಿತ್ತು, ಅದು ಬದಲಿ ಆಗ್ಲಿಲ್ಲ."

ನಾನು ಹೋಳಗಿ ನುಂಗಾಕ ಹೆಣಗಾಡಿದೆ. "ಖೋಲಿಗೆ ಗಾಳಿ ಬೆಳಕು ಅದೇನ್ರಿ?"

"ಭಾಳ ಅದ. ದೊಡ್ಡ ಕಿಟಕಿ ಇಡಿಸೀನಿ. ತಗದ್ರ ನೇರ ನಮ್ಮ ಅಂಗಳ ಕಾಣ್ತದ."

"ಮತ್ತ ಅಂಗಳದಾಗಿಂದ?"

"ಅಂಗಳದಾಗ ಕೂತ್ರ," ಅಂತ ಹನುಮಮ್ಮ ನನ್ನ ಹೊಟ್ಟಿ ಕಡೆ ನೋಡಿ ಅಂದ್ಲು, "ಮಂಚದ ಮ್ಯಾಲ ಯಾರು ಮಲಗ್ಯಾರ, ಯಾವಾಗ ಏಳ್ತಾರ, ಪೂರಾ ಕಾಣ್ತದ್ರಿ ಅಳಿಯರ."