ಭಾವನ ಡಿವಿಡಿಗೆ ಬಾಯಿ ಬಂದದ್ದು

ನಮ್ಮ ಭಾವನ ಕೈಗೆ ಏನು ಕೊಟ್ಟರೂ ರಿಪೇರಿಯಾಗುತ್ತದೆ. ಅದು ಮೊದಲೇ ಕೆಟ್ಟಿರಬೇಕು ಎಂಬ ನಿಯಮವೇನೂ ಇಲ್ಲ. ಚೆನ್ನಾಗಿ ನಡೆಯುತ್ತಿದ್ದ ನಮ್ಮ ಮನೆಯ ಗೋಡೆ ಗಡಿಯಾರವನ್ನು ಒಮ್ಮೆ ‘ಸುಮ್ನೆ ನೋಡ್ತೀನಿ’ ಅಂತ ಬಿಚ್ಚಿದರು. ತಿರುಗಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕಿತು. “ಕಂಪನಿಯವರು ಯಾವಾಗ್ಲೂ ಒಂದು ಹೆಚ್ಚಿಗೆ ಹಾಕಿರ್ತಾರೆ ಮಾರಾಯ” ಎಂದರು. ಗಡಿಯಾರ ಈಗಲೂ ನಡೆಯುತ್ತಿದೆ. ಅದನ್ನು ನಂಬಿ ಹೊರಟವರಿಗೆ ಮಾತ್ರ ಬಸ್ಸು ಸಿಕ್ಕಿದ್ದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆ. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದವರು, ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. ಅಷ್ಟು ವರ್ಷ ಮೋಟಾರು ಬಿಚ್ಚಿದ ಕೈ ಸುಮ್ಮನಿರುತ್ತದೆಯೇ? ಮೊದಲು ಅಕ್ಕನ ಮಿಕ್ಸಿ ಹೋಯಿತು. ಆಮೇಲೆ ಫ್ಯಾನು. ಆಮೇಲೆ ಅಕ್ಕನ ತಾಳ್ಮೆ. “ಇವರಿಗೆ ಏನಾದ್ರೂ ಒಂದು ಹಿಡಿಸ್ರೋ” ಎಂದು ಅವಳು ಗೋಗರೆದಳು. ಅವರು ತಾವೇ ಹಿಡಿದುಕೊಂಡು ಬಂದದ್ದು ಒಂದು ವಿಡಿಯೋ ಕ್ಯಾಮೆರಾ, ಜೊತೆಗೆ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಒಂದು ಕಂಪ್ಯೂಟರ್. ಆಗಿನ್ನೂ ಎಲ್ಲರ ಮನೆಗೂ ಡಿವಿಡಿ ಪ್ಲೇಯರ್ ಬರುತ್ತಿದ್ದ ಕಾಲ.

ಕ್ಯಾಮೆರಾದ ಮೊದಲ ಬೇಟೆ ನಾವೇ. ಗಾಜನೂರು ಡ್ಯಾಮಿಗೆ ಹೋದಾಗ ಇಡೀ ಸಂಸಾರವನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಆಮೇಲೆ ಟಿವಿಯಲ್ಲಿ ಹಾಕಿ ನೋಡಿದರೆ ಪೂರ್ತಿ ನೀರು. ಕೊನೆಯಲ್ಲಿ ಒಂದಷ್ಟು ಚಪ್ಪಲಿಗಳು ಕಂಡವು. ಅವು ನಮ್ಮವೇ.

“ನಿಮ್ಮ ಮುಖ ದಿನಾ ನೋಡ್ತೀವಲ್ಲ” ಎಂದರು ಭಾವ.

ಇಂಥವರ ಕೈಗೆ ನಮ್ಮ ತಂಗಿಯ ಮದುವೆಯ ವಿಡಿಯೋ ಕೊಡುತ್ತೇವೆಯೇ? ಕೊಟ್ಟೆವು. ಕೊಟ್ಟೆವು ಅನ್ನುವುದಕ್ಕಿಂತ ಅವರೇ ತೆಗೆದುಕೊಂಡರು. ಮದುವೆಗೆ ವಾರ ಇರುವಾಗ ಅಮ್ಮ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮದುವೆ ಮುಂದೂಡೋಣ ಎಂದರೆ ಅಮ್ಮನೇ ಒಪ್ಪಲಿಲ್ಲ. “ಅಪ್ಪ ಇಲ್ಲದ ಹುಡುಗಿ. ನಡೀಲಿ. ನಾನು ಆಮೇಲೆ ಟಿವೀಲಿ ನೋಡ್ತೀನಿ” ಎಂದರು. ಹೀಗೆ ಅಮ್ಮ ಆಸ್ಪತ್ರೆಯ ಮಂಚದ ಮೇಲೆ, ಕೊನೆಯ ಮಗಳು ಹಸೆಮಣೆಯ ಮೇಲೆ. ಸ್ಟುಡಿಯೋದವನೊಬ್ಬನನ್ನು ನಾನು ಗೊತ್ತು ಮಾಡಿದ್ದೆ. ಭಾವ ನನಗೆ ಹೇಳದೆ ಅವನಿಗೆ ಬೇಡವೆಂದು ಹೇಳಿ ಬಂದಿದ್ದರು. ಮಂಟಪದಲ್ಲಿ ನಾನು ಧಾರೆ ಎರೆಯಲು ಕೂತು ತಲೆಯೆತ್ತಿದರೆ, ಎದುರಿಗೆ ಒಂದು ಕಣ್ಣು ಮುಚ್ಚಿಕೊಂಡ ಭಾವ.

ಮದುವೆ ಮುಗಿಯಿತು, ಅಮ್ಮ ಮನೆಗೆ ಬಂದರು. ಟಿವಿಯನ್ನು ಅವರ ಮಂಚದೆದುರಿಗೆ ತಂದಿಟ್ಟೆವು. ಎಡಿಟಿಂಗ್ ನಡೀತಿದೆ, ಎಡಿಟಿಂಗ್ ನಡೀತಿದೆ ಎಂದು ಬಹಳ ದಿನ ಸತಾಯಿಸಿ ಕೊನೆಗೊಂದು ಭಾನುವಾರ ಭಾವ ಡಿವಿಡಿ ಹಿಡಿದು ಬಂದರು. ಎಲ್ಲರೂ ಅಮ್ಮನ ಸುತ್ತ ಕೂತೆವು. ಪರದೆಯ ಮೇಲೆ ಗುಲಾಬಿ ಅರಳಿತು. ಗುಲಾಬಿಯೊಳಗಿಂದ ತಂಗಿ ಬಂದಳು. ಹೃದಯದೊಳಗಿಂದ ಗಂಡು ಬಂದ. ವಾಲಗದವನು ಕೆನ್ನೆ ಉಬ್ಬಿಸಿದ, ಡೋಲಿನವನು ಬಾರಿಸಿದ. ಏನೂ ಕೇಳಿಸಲಿಲ್ಲ.

“ನನ್ನ ಕಿವಿಯೂ ಹೋಯ್ತೇನೋ?” ಎಂದರು ಅಮ್ಮ ಗಾಬರಿಯಿಂದ.

ಭಾವ ಎದ್ದರು. ಅವರ ಮುಖದಲ್ಲಿ ಸ್ವಲ್ಪ ಖುಷಿಯೂ ಕಂಡಿತೆಂದು ನನಗೆ ಅನುಮಾನ. ಏನೋ ಕೆಟ್ಟಿತ್ತಲ್ಲ! ಮೊದಲು ಟಿವಿಯ ಮೇಲೆ ಅಪವಾದ ಬಂತು. ಆಮೇಲೆ ಹಿಂದಿನ ಕೆಂಪು ಬಿಳಿ ವೈರುಗಳ ಮೇಲೆ. ಅವನ್ನು ಕಿತ್ತು ಅದಲುಬದಲು ಮಾಡಿದರು. ಚಿತ್ರವೂ ಹೋಯಿತು. ಚಿತ್ರ ವಾಪಸು ಬರುವಷ್ಟರಲ್ಲಿ ಪಾಯಸ ಆರಿತು. ನಾನು ಸಿನಿಮಾ ಡಿವಿಡಿಯೊಂದನ್ನು ಹಾಕಿ ತೋರಿಸಿದೆ. ಹೀರೋ ಗಂಟಲು ಹರಿಯುವಂತೆ ಕಿರುಚಿದ.

“ನೋಡಿ ಭಾವ, ನಮ್ಮ ಟಿವಿ ಸರಿ ಇದೆ.”

“ಅದು ಕಂಪನಿ ಡಿವಿಡಿ. ನಿಮ್ಮ ಶಿವಮೊಗ್ಗದ ವೋಲ್ಟೇಜಿಗೆ ಒಗ್ಗಿದೆ. ನಮ್ಮನೆ ಕಂಪ್ಯೂಟರಲ್ಲಿ ಗಣಗಣ ಕೇಳ್ತದೆ ಮಾರಾಯ.”

“ಹಾಗಾದ್ರೆ ಕಂಪ್ಯೂಟರನ್ನೇ ತನ್ನಿ.”

“ಅಲ್ಲಾಡಿಸಿದ್ರೆ ಅದು ಮತ್ತೆ ಏಳಲ್ಲ.”

ಅಲ್ಲಿಂದ ಶುರುವಾಯಿತು. ಭಾವ ಹೊಸ ಹೊಸ ಡಿವಿಡಿ ಮಾಡುವುದು, ಅದು ಬಾಯಿ ಬಿಡದೆ ಕೂರುವುದು. ತಪ್ಪು ಪ್ಲೇಯರಿನದೋ ಡಿವಿಡಿಯದೋ ಎಂದು ತಿಳಿಯಲು ಅವರು ತಮ್ಮ ಬೀದಿಯಲ್ಲಿ ಯಾರ ಯಾರ ಮನೆಯಲ್ಲಿ ಪ್ಲೇಯರ್ ಇದೆಯೋ ಅಲ್ಲೆಲ್ಲ ಹಾಕಿ ನೋಡಿದರು. ತಂಗಿ ಗಂಡನ ಜೊತೆ ಭದ್ರಾವತಿಗೆ ಹೋದಾಗ, ಎದುರು ಮನೆಯ ತಮಿಳು ಅಜ್ಜಿಯೊಬ್ಬರು ಅವಳ ಗಲ್ಲ ಸವರಿ, “ಕಲ್ಯಾಣ ರೊಂಬ ಚೆನ್ನಾಗಿತ್ತಮ್ಮ. ಯಾಕೆ ಯಾರೂ ಮಾತೇ ಆಡಲಿಲ್ಲ? ಜಗಳವಾ?” ಎಂದು ಕೇಳಿದರಂತೆ. ಹಾಳಾದ ಡಿವಿಡಿಗಳನ್ನು ಅಕ್ಕ ಹಿತ್ತಲಿನ ಪಪ್ಪಾಯಿ ಗಿಡಕ್ಕೆ ದಾರ ಕಟ್ಟಿ ತೂಗುಹಾಕಿದಳು. ಹಕ್ಕಿಗಳು ಹೆದರಿದವು. ನಮ್ಮ ತಂಗಿಯ ಮದುವೆಯಿಂದ ಉಪಕಾರವಾದದ್ದು ಆವರೆಗೆ ಪಪ್ಪಾಯಿಗೆ ಮಾತ್ರ.

ಇತ್ತ ಬೀಗರು ಫೋನು ಮಾಡಿ ಕೇಳುತ್ತಿದ್ದರು. ಅಮ್ಮ ಕೇಳುತ್ತಿರಲಿಲ್ಲ, ಅದೇ ನನಗೆ ಕಷ್ಟ. ಸಂಜೆ ನಾನು ಆಫೀಸಿನಿಂದ ಬಂದಾಗ ನನ್ನ ಬ್ಯಾಗಿನ ಕಡೆ ಒಮ್ಮೆ ನೋಡಿ ಗೋಡೆಗೆ ಮುಖ ತಿರುಗಿಸುತ್ತಿದ್ದರು. ನೋವಿಗೆ ಊಟವೂ ಕಡಿಮೆಯಾಗಿತ್ತು. ಶಬ್ದವಿಲ್ಲದಿದ್ದರೂ ನೋಡಿ ಎಂದರೆ, “ಮಂತ್ರ ಇಲ್ಲ, ವಾಲಗ ಇಲ್ಲ. ಅದನ್ನ ಹೇಗೋ ಮದುವೆ ಅನ್ಲಿ?” ಎನ್ನುತ್ತಿದ್ದರು.

ತಡೆಯಲಾರದೆ ಒಂದು ದಿನ ಭದ್ರಾವತಿಗೆ ಹೋದೆ. ಭಾವ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ನನ್ನನ್ನು ಕಂಡದ್ದೇ ಪರದೆ ಆರಿಸಿದರು.

“ಕ್ಯಾಮೆರಾ ಟೇಪುಗಳನ್ನ ಕೊಡಿ ಭಾವ. ಸ್ಟುಡಿಯೋಗೆ ಕೊಡ್ತೀನಿ. ನಾಲ್ಕು ಹಾಡು ಹಾಕಿ ಮುಗಿಸ್ತಾರೆ.”

“ಹಾಡು ಹಾಕಕ್ಕೆ ಇದೇನು ಟಾಕೀಸಾ?”

“ಎಲ್ಲರ ಮದುವೆ ವಿಡಿಯೋಲೂ ಹಾಡೇ ಇರೋದು.”

“ಇದರಲ್ಲಿ ಇರೋ ಶಬ್ದವೇ ಬರಬೇಕು.”

“ಯಾರಿಗೆ ಬೇಕು ಆ ಶಬ್ದ? ಪಾತ್ರೆ ಸದ್ದು, ಮಕ್ಕಳ ಅಳು. ನಿಮ್ಮ ಹಟಕ್ಕೆ ಅಮ್ಮ ಕೊರಗ್ತಿದಾರೆ, ಗೊತ್ತಾ?”

ಭಾವ ನನ್ನ ಮುಖ ನೋಡಿದರು. ಟೇಪುಗಳಿದ್ದ ಡಬ್ಬವನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಕ ತಟ್ಟೆ ಹಾಕಿದ್ದಳು. ನಾನು ಊಟ ಮಾಡದೆ ಎದ್ದು ಬಂದೆ.

ಆಮೇಲೆ ನಮ್ಮಿಬ್ಬರ ನಡುವೆಯೂ ಶಬ್ದ ಹೋಯಿತು. ಸುದ್ದಿಯೆಲ್ಲ ಅಕ್ಕನ ಫೋನಿನಲ್ಲಿ. ರೋಗ ಪತ್ತೆಯಾಯಿತಂತೆ. ಕ್ಯಾಮೆರಾ ಶಬ್ದವನ್ನು ಒಂದು ಅಳತೆಯಲ್ಲಿ ಹಿಡಿದಿದೆ, ಡಿವಿಡಿ ಇನ್ನೊಂದು ಅಳತೆ ಕೇಳುತ್ತದೆ. ಕಂಪ್ಯೂಟರ್ ಎರಡಕ್ಕೂ ಹೊಂದಿಕೊಳ್ಳುತ್ತದೆ, ಪ್ಲೇಯರ್ ಹೊಂದಿಕೊಳ್ಳುವುದಿಲ್ಲ. “ಮೀಟರ್ ಗೇಜ್ ರೈಲನ್ನ ಬ್ರಾಡ್ ಗೇಜ್ ಹಳಿ ಮೇಲೆ ಬಿಟ್ಟ ಹಾಗಂತೆ ಕಣೋ” ಎಂದಳು ಅಕ್ಕ, ಗಂಡನ ಮಾತನ್ನು ಹಾಗೇ ಒಪ್ಪಿಸುತ್ತ. ಶಬ್ದವನ್ನೆಲ್ಲ ಬೇರೆ ತೆಗೆದು, ಅಳತೆ ಬದಲಿಸಿ, ತಿರುಗಿ ಚಿತ್ರದ ಕೆಳಗೆ ಅಂಟಿಸುತ್ತಿದ್ದಾರಂತೆ. ಮುಂದಿನ ಫೋನಿನ ಹೊತ್ತಿಗೆ ಡಿವಿಡಿಗೆ ಶಬ್ದ ಬಂದಿತ್ತು, ಆದರೆ ತಡವಾಗಿ ಬರುತ್ತಿತ್ತು. ಪುರೋಹಿತರು ಬಾಳೆಹಣ್ಣು ಸುಲಿಯುವಾಗ ಬಾಯಿಂದ ಮಾಂಗಲ್ಯಧಾರಣೆಯ ಮಂತ್ರ ಹೊರಡುತ್ತಿತ್ತಂತೆ. “ಅದನ್ನೂ ಎಳೆದು ಎಳೆದು ಸರಿ ಮಾಡ್ತಿದಾರೆ. ನನಗೂ ಕೇಳಿಸಲ್ಲ, ಹೆಡ್‌ಫೋನ್ ತೆಗೆಯಲ್ಲ” ಎಂದಳು.

ಕೊನೆಗೆ ಒಂದು ಬೆಳಿಗ್ಗೆ ಭಾವ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಾಗಿತ್ತು. ನನ್ನ ಹತ್ತಿರ ಮಾತಾಡದೆ ನೇರ ಹೋಗಿ ಡಿವಿಡಿ ಹಾಕಿದರು. “ನೀವು ನೋಡ್ತಿರಿ. ನಾನು ಹಾಲು ತರ್ತೀನಿ” ಎಂದು ಗೋಡೆಗೆ ಹೇಳಿ ಹೊರಟರು. ಮನೆಯಲ್ಲಿ ಹಾಲು ಇತ್ತು.

ಗುಲಾಬಿ ಅರಳಿತು. ವಾಲಗ ಕೇಳಿಸಿತು. ಅಮ್ಮ ತಲೆದಿಂಬಿನಿಂದ ತಲೆ ಎತ್ತಿದರು. ವಾಲಗದ ಮೇಲೆ, ಮೈಕಿಗೆ ತೀರಾ ಹತ್ತಿರದಿಂದ, ಪಿಸುದನಿಯೊಂದು ಮಾತಾಡುತ್ತಿತ್ತು.

“ಅತ್ತೆ, ಇದು ಛತ್ರದ ಬಾಗಿಲು. ತೋರಣ ನೀವು ಹೇಳಿದ ಹಾಗೇ ಕಟ್ಟಿಸಿದೀವಿ. ನೀಲಿ ಸೀರೆ ಉಟ್ಕೊಂಡೋರು ಬೀಗರ ಕಡೆ ಅಜ್ಜಿ. ನಿಮ್ಮನ್ನ ಬಹಳ ಕೇಳಿದ್ರು.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕನ ಮದುವೆಯಾಗಿ ಇಷ್ಟು ವರ್ಷವಾದರೂ ಭಾವ ಅಮ್ಮನೆದುರು ನಿಂತು ‘ಹೂಂ’, ‘ಬರ್ತೀನಿ’ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆಯೆಂದರೆ ಅವರಿಗೆ ಅಷ್ಟು ಸಂಕೋಚ. ಆ ಮನುಷ್ಯ ಮದುವೆಯ ಉದ್ದಕ್ಕೂ ಕ್ಯಾಮೆರಾದ ಹಿಂದೆ ನಿಂತು, ಅಲ್ಲಿಲ್ಲದ ಅತ್ತೆಯ ಜೊತೆ ಮಾತಾಡಿದ್ದರು.

“ಹುಡುಗಿ ಬಂದ್ಳು ನೋಡಿ ಅತ್ತೆ. ನಿಮ್ಮ ಸರ ಹಾಕಿದಾಳೆ. ಆಗಲೇ ಅತ್ತಳು, ಈಗ ಪರವಾಗಿಲ್ಲ. ಇವನು ನಿಮ್ಮ ಮಗ. ಧಾರೆ ಎರೆಯಕ್ಕೆ ಕೂತಿದಾನೆ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಗೇಟಿನ ಹತ್ತಿರ ಭಾವ ಬರಿಗೈಯಲ್ಲಿ ನಿಂತಿದ್ದರು.

ಟಿವಿಯಲ್ಲಿ ಗಟ್ಟಿಮೇಳ ಶುರುವಾಯಿತು. ಜನ ಎದ್ದು ಅಡ್ಡ ಬಂದರು. ಚಿತ್ರ ಅಲ್ಲಾಡಿತು.

“ಇರಿ ಅತ್ತೆ, ಒಂದು ನಿಮಿಷ, ಹತ್ತಿರ ಹೋಗ್ತೀನಿ. ಈಗ ತಾಳಿ ಕಟ್ತಾನೆ. ಕಾಣ್ತಿದೆಯಾ?”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಟಿವಿಗೆ ಹೇಳಿದರು.

“ಕಾಣ್ತಿದೆ. ನೀವು ಜೋಪಾನ, ಯಾರಾದ್ರೂ ತಳ್ಳಿಯಾರು.”