ಕಾದರೂ ಕದಲದ ಮುಳ್ಳಿನವರಿಗೆ

ನಮ್ಮ ಹಳೆಯ ಕಾರಿನ ಸ್ಟಿಯರಿಂಗಿನ ಹಿಂದೆ, ಗಾಜಿನೊಳಗೆ, ಇಂಜಿನ್ನಿನ ಬಿಸಿ ತೋರಿಸುವ ಹುದ್ದೆಯಲ್ಲಿ ವಿರಾಜಮಾನರಾಗಿರುವ ಕೆಂಪು ಮುಳ್ಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಧಿಕಪ್ರಸಂಗ ನಾನು ಮಾಡುವುದಿಲ್ಲ, ಏಕೆಂದರೆ ತಾವು ಕ್ಷೇಮವಾಗಿಲ್ಲದ ಗಳಿಗೆಯೇ ಇಲ್ಲ. ಬೆಳಿಗ್ಗೆ ನೋಡಿದರೂ ನಟ್ಟನಡುವೆ, ಸಂಜೆ ನೋಡಿದರೂ ನಟ್ಟನಡುವೆ. ಕೀಲಿ ತೆಗೆದು, ಕಾರಿಗೆ ಬೀಗ ಹಾಕಿ, ನಾವು ಮನೆಯೊಳಗೆ ಕೂತು ಕಾಫಿ ಕುಡಿಯುವಾಗಲೂ ತಾವು ಅಲ್ಲಿ ಕರ್ತವ್ಯದ ಮೇಲೆಯೇ ಇರುತ್ತೀರಿ. ಇಂಥ ನಿಷ್ಠಾವಂತ ಅಧಿಕಾರಿಯನ್ನು ಈ ಜನ್ಮದಲ್ಲಿ ಬೇರೆಲ್ಲೂ ಕಾಣದ ಕಾರಣ, ಅಡುಗೆಮನೆಯ ಮೂಲೆಯಲ್ಲಿ ಓವನ್ ಇಟ್ಟುಕೊಂಡು ಕೇಕು ಮಾಡಿ ಮಾರುವ ಸಾಮಾನ್ಯಳಾದ ನಾನು, ನಾಲ್ಕು ಜನ ಓದಲಿ ಎಂಬ ಉದ್ದೇಶದಿಂದಲೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ಮೊದಲಿನಿಂದಲೂ ಹೀಗಿರಲಿಲ್ಲವೆಂಬುದನ್ನು ವಿನಯದಿಂದ ನೆನಪಿಸಬೇಕಾಗಿದೆ. ರೇಡಿಯೇಟರ್ ಸೋರತೊಡಗಿ, ಕಾರು ನಿಲ್ಲಿಸಿದಲ್ಲೆಲ್ಲ ಹಸಿರು ನೀರು ಮಡುಗಟ್ಟಿ, ಪಕ್ಕದ ಮನೆಯವರು ಮೂಗು ಮುರಿಯುತ್ತಿದ್ದ ಆ ದಿನಗಳಲ್ಲಿ ತಾವು ಕಂಡದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವ ಒರಟರಾಗಿದ್ದಿರಿ. ಏರು ರಸ್ತೆ ಬಂದರೆ ತಾವೂ ಏರುತ್ತಿದ್ದಿರಿ. ಮುಂದಿನ ಸೀಟಿನಲ್ಲಿ ಕೂತ ನಮ್ಮ ಅತ್ತೆ ರಸ್ತೆ ಬಿಟ್ಟು ತಮ್ಮನ್ನೇ ದಿಟ್ಟಿಸುತ್ತ, "ಮೇಲೆ ಹೋಗ್ತಿದೆ ಕಣೇ, ಮೇಲೆ ಹೋಗ್ತಿದೆ" ಎಂದು ಜೀವ ಬಾಯಿಗೆ ತಂದುಕೊಳ್ಳುತ್ತಿದ್ದರು. ನಾನು ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬಿಸಿ ಆರುವ ತನಕ ಕಾದು, ಬಾಟಲಿಯಿಂದ ನೀರು ಸುರಿದು ಮತ್ತೆ ಹೊರಡುತ್ತಿದ್ದೆ. ಪೇಚಾಟವೇನೋ ಇತ್ತು, ಆದರೆ ಹೋಗಬೇಕಾದ ಜಾಗಕ್ಕೆ ಹೇಗೋ ತಲುಪುತ್ತಿದ್ದೆವು.

ತಮ್ಮ ಸ್ವಭಾವ ತಿದ್ದಿದ ಕೀರ್ತಿ ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಸಲ್ಲಬೇಕು. ಯಾವ ರೋಗ ಹೇಳಿಕೊಂಡರೂ ಅವರ ಬಾಯಿಂದ ಬರುವ ಉತ್ತರ ಒಂದೇ ಆದ್ದರಿಂದ ಬಡಾವಣೆಯವರೆಲ್ಲ ಅವರನ್ನು 'ಆಯ್ತುಬಿಡಿ' ಎಂದೇ ಕರೆಯುತ್ತಾರೆ. ಅವರ ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಮೂರಂತಸ್ತಿನ ಕೇಕು ನನ್ನದು, ಅದಕ್ಕೆ ಬದಲಾಗಿ ರೇಡಿಯೇಟರ್ ರಿಪೇರಿ ಅವರದು ಎಂದು ಮಾತಾಯಿತು. ಮಕ್ಕಳ ಹುಟ್ಟುಹಬ್ಬದ ಪುಟ್ಟ ಕೇಕುಗಳಲ್ಲೇ ಕೈ ಸವೆಸಿದ ನನಗೆ ಅದು ಮೊಟ್ಟಮೊದಲ ಮದುವೆ ಕೇಕು. ಇಡೀ ಬಡಾವಣೆ ಅದನ್ನು ನೋಡುವುದಿತ್ತು. ನೋಡಿ ಮೆಚ್ಚಿದರೆ ನಾನು ಅಡುಗೆಮನೆಯ ಮೂಲೆಯಿಂದ ಎದ್ದು ಒಂದು ಅಂಗಡಿಗೆ ಹೋಗಬಹುದಿತ್ತು. ಕಾರು ಒಪ್ಪಿಸುವಾಗ ಅತ್ತೆ ಬೇಡಿಕೊಂಡದ್ದು ಇಷ್ಟೇ: "ಏನಾದ್ರೂ ಮಾಡಪ್ಪ, ಆ ಮುಳ್ಳು ಮಾತ್ರ ಮೇಲೆ ಹೋಗ್ಬಾರ್ದು." ಅವರು "ಆಯ್ತು ಬಿಡಿ ಅಮ್ಮ" ಎಂದರು. ಅಂದಿನಿಂದ ತಾವು ಮೇಲೆ ಹೋಗಿಲ್ಲ.

ಮದುವೆಯ ದಿನ ಹಿಂದಿನ ಸೀಟು ಮಡಚಿ, ಬಿಳಿ ಕೆನೆಯ ಆ ಮೂರಂತಸ್ತನ್ನು ಮಗುವಿನ ಹಾಗೆ ನಿಲ್ಲಿಸಿಕೊಂಡು ಮದುವೆಯ ಹಾಲ್‌ಗೆ ಹೊರಟೆವು. ಏರಿನ ಅರ್ಧದಲ್ಲಿ ಕಾರಿನ ಮುಂದೆ ಬಿಳಿ ಹೊಗೆ ಕಂಡಿತು. ಅತ್ತೆ ತಮ್ಮ ಮುಖವನ್ನೊಮ್ಮೆ ನೋಡಿ, "ಮುಳ್ಳು ಸರಿಯಾಗೇ ಇದೆ ಕಣೇ, ಹೊಗೆ ಮುಂದಿನ ಲಾರೀದು" ಎಂದು ನಿಶ್ಚಿಂತರಾದರು. ಅವರು ನಂಬಿದ್ದನ್ನು ನಾನೂ ನಂಬಿದೆ. ಲಾರಿ ಎಡಕ್ಕೆ ತಿರುಗಿ ಹೋಯಿತು. ಹೊಗೆ ನಮ್ಮ ಜೊತೆಯಲ್ಲೇ ಬಂತು.

ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಡುತ್ತಿರುವಾಗಲೂ, ನಾನು ರಸ್ತೆಯ ಪಕ್ಕದಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿರುವಾಗಲೂ ತಾವು ತೋರಿದ ಸ್ಥಿತಪ್ರಜ್ಞತೆಗೆ ಶರಣು. ಫೋನು ಮಾಡಿದರೆ ಆಯ್ತುಬಿಡಿಯವರು ಅಷ್ಟೇ ಶಾಂತವಾಗಿ, ನೀರು ಹಾಕಿ, ಹೀಟರ್ ಫುಲ್ ಇಟ್ಟುಕೊಂಡು ಬಂದರೆ ಇಂಜಿನ್ನಿನ ಬಿಸಿಯೆಲ್ಲ ಕಾರಿನೊಳಗೆ ಬಂದುಬಿಡುತ್ತದೆಂದೂ, ಗಂಡಿನ ಕಡೆಯವರು ಕೇಕೆಲ್ಲಿ ಎಂದು ಕೇಳುತ್ತಿದ್ದಾರೆಂದೂ ತಿಳಿಸಿದರು. ಅವರ ಮಾತು ಅಕ್ಷರಶಃ ನಿಜವಾಯಿತು: ಬಿಸಿಯೆಲ್ಲ ಒಳಗೆ ಬಂತು. ಕೆನೆಗೆ ತಮ್ಮಷ್ಟು ಸಂಯಮ ಎಲ್ಲಿಂದ ಬರಬೇಕು? ಮೇಲಂತಸ್ತು ಮೊದಲು ಬೆವರಿತು, ಆಮೇಲೆ ವಾಲಿತು, ಆಮೇಲೆ ನಡುವಿನದರ ಹೆಗಲ ಮೇಲೆ ಮಲಗಿತು. ಬೆವರೊರೆಸಲು ಬಟ್ಟೆ ಹುಡುಕುತ್ತ ಅತ್ತೆ ಮುಂದಿನ ಖಾನೆ ತೆಗೆದಾಗ ಸಿಕ್ಕಿದ್ದು, ಸೋರುವ ಕಡೆ ಮೆತ್ತಲೆಂದು ಆಯ್ತುಬಿಡಿಯವರು ನನ್ನಿಂದಲೇ ತರಿಸಿದ್ದ ಅಂಟಿನ ಟ್ಯೂಬು. ಅದರಲ್ಲಿ ಒಂದೇ ಒಂದು ಹನಿ ಖರ್ಚಾಗಿತ್ತು. ಆ ಹನಿ ಒಣಗಿ, ತಮ್ಮ ಬುಡದಲ್ಲಿ ಮಿನುಗುತ್ತಿತ್ತು.

ಇಂಥ ಪ್ರತಿಭೆ ಒಂದು ಹಳೆಯ ಕಾರಿನಲ್ಲಿ ಕೊಳೆಯಬಾರದು. ಆದ್ದರಿಂದ ತಾವು ದಯಮಾಡಿ ನಮ್ಮ ಮನೆಯ ತೂಕದ ಯಂತ್ರಕ್ಕೆ ವರ್ಗವಾಗಿ ಬಂದು, ಅತ್ತೆಯವರು ಹತ್ತಿ ನಿಂತಾಗ ಅವರನ್ನು ಸಂತೋಷಪಡಿಸಬೇಕೆಂದೂ, ಬಿಡುವಿದ್ದಾಗ ನನ್ನ ಯಜಮಾನರ ಹಣೆಯ ಮೇಲೆ ಕೂತು, ಅವರ ಸಿಟ್ಟು ನೆತ್ತಿಗೇರಿದಾಗಲೂ ಮನೆಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ಅತಿಥಿಗಳಿಗೆ ತೋರಿಸಬೇಕೆಂದೂ, ಹಾಗೆಯೇ ಒಮ್ಮೆ ಕರಗಿದ ಕೆನೆಯನ್ನು ಮತ್ತೆ ಮೇಲಕ್ಕೆ ಹತ್ತಿಸುವ ವಿದ್ಯೆಯೇನಾದರೂ ತಿಳಿದಿದ್ದರೆ ಹೇಳಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಹಾಲ್‌ನಲ್ಲಿ ನಾನು ಮಾಡಿದ್ದು ತಮ್ಮಿಂದ ಕಲಿತದ್ದನ್ನೇ. ಕೇಕಿನ ನಡುವೆ ಕೋಲೊಂದನ್ನು ಚುಚ್ಚಿ, ಕುಸಿದ ಭಾಗವನ್ನು ಗೋಡೆಗೆ ತಿರುಗಿಸಿ, ಉಳಿದ ಭಾಗವನ್ನು ಜನರತ್ತ ನಿಲ್ಲಿಸಿದೆ. ಆಯ್ತುಬಿಡಿಯವರು ಹಿಂದೆ ಇಣುಕಿ ನೋಡಿ, "ಇದೇನಕ್ಕಾ ಇದು!" ಎಂದು ಬಾಯಿಬಿಟ್ಟರು. ನಾನು "ಆಯ್ತು ಬಿಡಿ ಅಣ್ಣ, ಮುಂದಿನಿಂದ ನೋಡಿದ್ರೆ ಸರಿಯಾಗೇ ಇದೆ" ಎಂದೆ. ಅಷ್ಟು ಹೇಳಿದರೆ ಹೊಟ್ಟೆ ತಣ್ಣಗಾದೀತೆಂದುಕೊಂಡಿದ್ದೆ. ಮದುಮಗಳು ನಗುನಗುತ್ತ ಚಾಕು ಇಟ್ಟಳು. ಮೂರೂ ಅಂತಸ್ತು ಅವಳ ಬಿಳಿ ಉಡುಪಿನ ಮೇಲೆ ಬಂದವು. ಆ ಹುಡುಗಿ ಮಾಡಿದ ತಪ್ಪಾದರೂ ಏನು? ಹಾಲ್‌ನ ಹಿಂದೆ ಪಾತ್ರೆ ತೊಳೆಯುವ ಕಡೆ ಹೋಗಿ ನಿಂತು, ನಾನು ನಾಚಿಕೆಗೂ ಸಿಟ್ಟಿಗೂ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅದರ ಮರುದಿನದಿಂದ ಇವತ್ತಿನವರೆಗೆ ನನ್ನ ಹತ್ತಿರ ಹುಟ್ಟುಹಬ್ಬದ ಕೇಕನ್ನೂ ಯಾರೂ ಕೇಳಿಲ್ಲ. ವ್ಯಾಪಾರ ತಳ ಕಂಡದ್ದನ್ನು ತೋರಿಸಲು ಅಡುಗೆಮನೆಯಲ್ಲಿ ಯಾವ ಮುಳ್ಳೂ ಇಲ್ಲದಿರುವುದೊಂದೇ ಸಮಾಧಾನ.

ಇನ್ನು ಮುಂದೆ ತಮ್ಮ ಮುಖ ನೋಡಿ ದಾರಿ ಹಿಡಿಯದ,
ಆದರೂ ತಮ್ಮ ವಿಶ್ವಾಸಿ,
ಬಡಾವಣೆಯ ಕೇಕಿನವಳು

ವಿ.ಸೂ.: ಬೇರೆ ಕಡೆ ಹೋಗಿ ರೇಡಿಯೇಟರನ್ನೇ ಬದಲಾಯಿಸಿದ್ದಾಗಿದೆ, ಅತ್ತೆ ಈಗ ತಮ್ಮನ್ನು ಬಿಟ್ಟು ಬಾನೆಟ್ಟನ್ನೇ ನೋಡುತ್ತಾರೆ. ಈ ಪತ್ರದ ಒಂದು ಪ್ರತಿಯನ್ನು ತಮ್ಮ ಗಾಜಿನ ಮೇಲೂ ಇನ್ನೊಂದನ್ನು ಗ್ಯಾರೇಜಿನ ಬಾಗಿಲ ಮೇಲೂ ಅದೇ ಟ್ಯೂಬಿನಿಂದ ಅಂಟಿಸಿದ್ದೇನೆ. ಅಂಟು ಇನ್ನೂ ಸಾಕಷ್ಟು ಉಳಿದಿದೆ. ಮೊನ್ನೆ ಆಯ್ತುಬಿಡಿಯವರು ಎದುರು ಸಿಕ್ಕಿ, "ಕೇಕು ಯಾಕಕ್ಕಾ ಹಾಗಾಯ್ತು?" ಎಂದು ಕೇಳಿದ್ದರಿಂದ, ಅದನ್ನು ಎಸೆಯದೆ ಅವರ ಬಾಯಿಗೆಂದು ಎತ್ತಿಟ್ಟಿದ್ದೇನೆ.