ಜೇಬು ಮುಚ್ಚುವ ಕೈ

ಕೆಲಸ ಹೋದ ಮರುದಿನವೇ ನಾನೊಂದು ಘನವಾದ ತೀರ್ಮಾನಕ್ಕೆ ಬಂದೆ. ಒಂದು ಗಳಿಗೆಯನ್ನೂ ದಂಡ ಮಾಡುವುದಿಲ್ಲ! ಕೆಲಸವಿಲ್ಲದವರು ಕಿಟಕಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನು ಎಣಿಸುತ್ತಾರೆ. ನಾನು ಅಂಥವಳಲ್ಲ. ಯಜಮಾನರು ತೀರಿಕೊಂಡ ಮೂರನೇ ತಿಂಗಳಿಗೆ ಕೋಟಿನ ಕಾರ್ಖಾನೆ ಸೇರಿ, ಇಪ್ಪತ್ತಾರು ವರ್ಷ ಜೇಬು ಮುಚ್ಚಿದವಳು. ಹೊಸ ಕೋಟಿನ ಜೇಬು ಅಂಗಡಿಯಲ್ಲಿ ಜೋಲಬಾರದೆಂದು ಅದರ ಬಾಯಿಗೆ ದಾರ ಹಾಕಿ ಕಳಿಸುತ್ತಾರೆ. ಕೊಂಡವರು ಮನೆಗೊಯ್ದು ಬಿಚ್ಚಿಕೊಳ್ಳಬೇಕು. ನಾನು ಹಾಕಿದ ಒಂದು ಹೊಲಿಗೆಯೂ ತಾನಾಗಿ ಬಿಚ್ಚಿದ್ದಿಲ್ಲ.

ಆರ್ಡರ್ ಕಡಿಮೆಯಾಯಿತೆಂದು ನಮ್ಮ ಸಾಲಿನವರನ್ನೆಲ್ಲ ಮನೆಗೆ ಕಳಿಸಿದರು. ಸೂಪರ್‌ವೈಸರಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಒಬ್ಬರನ್ನು ವಾಪಸ್ ತೆಗೆದುಕೊಳ್ಳುವುದಿದೆ, ಮುಂದಿನ ವಾರ ಕಳೆದು ಬರುವ ಸೋಮವಾರ ಫೋನ್ ಮಾಡುತ್ತೇನೆ, ಮೊದಲ ಹೆಸರು ನಿಮ್ಮದೇ, ನೀವು ಮಾತಾಡದಿದ್ದರೆ ಮುಂದಿನವರಿಗೆ ಎಂದಿದ್ದರು. ಈ ವಯಸ್ಸಿನಲ್ಲಿ ನನ್ನನ್ನು ಇನ್ಯಾರು ಕರೆದಾರು? ಆ ಫೋನು ಬಿಟ್ಟರೆ ಗತಿಯಿರಲಿಲ್ಲ.

ಹನ್ನೊಂದು ದಿನ ಕಾಯಬೇಕಿತ್ತು. ಮೊದಲ ಎರಡು ದಿನ ಮಗ, ಸೊಸೆಯ ಅಂಗಿಗಳ ಗುಂಡಿಗಳನ್ನೆಲ್ಲ ಬಿಗಿ ಮಾಡಿದೆ. ಮೂರನೆಯ ದಿನ ದಿಂಬು, ಪರದೆ. ನಾಲ್ಕನೆಯ ದಿನಕ್ಕೆ ಮನೆಯಲ್ಲಿ ಹರಿದದ್ದೇ ಉಳಿಯಲಿಲ್ಲ. ಆಗ ಎದೆಯಲ್ಲಿ ಏನೋ ಖಾಲಿ ಖಾಲಿ. ಕೈ ಸುಮ್ಮನಿದ್ದರೆ ನಾನೇ ಇಲ್ಲವೆನಿಸುತ್ತಿತ್ತು.

ಐದನೆಯ ದಿನ ಮಗ ಆಫೀಸಿನಲ್ಲಿ ಕೈವಸ್ತ್ರ ಇಡಲು ಹೋದರೆ ಪ್ಯಾಂಟಿನ ಜೇಬಿಗೆ ಬಾಯಿಯೇ ಇರಲಿಲ್ಲವಂತೆ.

"ಅಮ್ಮ, ನಾನೇನು ಅಂಗಡಿಗೆ ಹೋಗೋ ಮಾಲಾ? ನನ್ನ ಜೇಬು ಬಿಟ್ಬಿಡು."

ಬಿಡುತ್ತೇನೆಂದು ಮಾತು ಕೊಟ್ಟೆ. ಮಾತು ಕೊಟ್ಟದ್ದು ಬಾಯಿ, ಕೈಗೆ ಹೇಳುವವರಾರು? ಎಂಟನೆಯ ದಿನ ಸೊಸೆ ತರಕಾರಿ ಅಂಗಡಿಯ ಮುಂದೆ ನಿಂತು ತನ್ನ ಜೇಬನ್ನು ತಾನೇ ಪರಚಿಕೊಂಡು ಬಂದಳು. ಒಂಬತ್ತನೆಯ ದಿನದಿಂದ ಮಗ ಮನೆಯ ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡೇ ಆಫೀಸಿಗೆ ಹೋಗತೊಡಗಿದ.

ಸೋಮವಾರ ಬಂತು. ಫೋನು ತಪ್ಪಬಾರದೆಂದು ಬೆಳಗ್ಗೆಯೇ ಅದನ್ನು ಸ್ವೆಟರ್ ಜೇಬಿನಲ್ಲಿ ಇಟ್ಟುಕೊಂಡೆ. ಒಲೆಯ ಶಾಖಕ್ಕೆ ಸೆಕೆಯಾಗಿ, ಸ್ವೆಟರ್ ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡು ಕೂತೆ. ಹತ್ತಾಯಿತು. ಹನ್ನೊಂದಾಯಿತು. ಮನಸ್ಸು ಫೋನಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ಕೈ ಎಲ್ಲಿತ್ತೆಂದು ನಾನು ನೋಡಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ನನ್ನ ತೊಡೆ ಗಂಟೆ ಬಾರಿಸಿತು. ಜೇಬಿಗೆ ಕೈ ಹಾಕಿದೆ. ಕೈ ಹೋಗಲಿಲ್ಲ. ಎರಡು ಎಳೆ ದಾರ, ಕೊನೆಗೆ ಗಂಟು, ಮಟ್ಟಸವಾದ ಕೆಲಸ!

ಕತ್ತರಿ ಆಫೀಸಿನಲ್ಲಿ. ಹಲ್ಲಿನಿಂದ ಕಡಿಯೋಣವೆಂದರೆ ಮುಂದಿನ ಹಲ್ಲುಗಳು ಹೋಗಿ ಎರಡು ವರ್ಷ. ಕೊನೆಗೊಂದು ಬುದ್ಧಿ ಹೊಳೆಯಿತು. ಹಳೆಯ ಫೋನು, ಉಣ್ಣೆಯ ಮೇಲಿನಿಂದಲೇ ಹಸಿರು ಗುಂಡಿ ಒತ್ತಬಹುದಲ್ಲ! ತಡವಿ, ಅಂದಾಜು ಮಾಡಿ, ಬಲವಾಗಿ ಒತ್ತಿದೆ. ಫೋನು ಬಾಯಿ ಮುಚ್ಚಿತು. ಜೇಬಿಗೆ ಬಾಯಿಟ್ಟು, ನಾನೇ ಮೇಡಂ, ಇಲ್ಲೇ ಇದ್ದೀನಿ ಎಂದು ಮೂರು ಸಲ ಕೂಗಿದೆ. ಆ ಕೂಗಿಗೆ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಸೊಸೆ ಓಡಿ ಬಂದಳು.

"ಅತ್ತೆ, ಯಾರ ಜೊತೆ ಮಾತಾಡ್ತಿದ್ದೀರಿ?"

"ಸೂಪರ್‌ವೈಸರಮ್ಮನ ಜೊತೆ ಕಣೆ."

ಅವಳು ಸ್ವೆಟರ್ ನೋಡಿದಳು, ನನ್ನನ್ನು ನೋಡಿದಳು. ತರಕಾರಿ ಚಾಕು ತಂದು ಕೊಯ್ಯತೊಡಗಿದಳು. ದಾರ ಜಗ್ಗಲಿಲ್ಲ, ಉಣ್ಣೆ ಹರಿಯಿತು. ಫೋನು ಹೊರಬರುವಾಗ ಹನ್ನೊಂದು ಮುಕ್ಕಾಲು. ನಾನು ಒತ್ತಿದ್ದು ಕೆಂಪು ಗುಂಡಿಯನ್ನು. ಅವಳೇ ಆ ನಂಬರಿಗೆ ಫೋನ್ ಮಾಡಿ ಕೊಟ್ಟಳು.

"ನೀವೇ ಕಟ್ ಮಾಡಿದ್ರಲ್ಲಮ್ಮ," ಎಂದರು ಸೂಪರ್‌ವೈಸರಮ್ಮ. "ಬೇಡವೇನೋ ಅಂದ್ಕೊಂಡೆ. ನಿಮ್ಮ ಮುಂದಿನವರು ಈಗಷ್ಟೇ ಒಪ್ಕೊಂಡ್ರು."

ಕೆಲಸವಂತೂ ಹೋಯಿತು, ಅದು ಏನಿತ್ತೆಂದಾದರೂ ತಿಳಿಯಲಿ ಎಂದು ಕೇಳಿದೆ.

"ಹೊಲಿಗೆ ಬಿಚ್ಚೋದು. ಎಂಟುನೂರು ಕೋಟು ವಾಪಸ್ ಬಂದಿವೆ. ಕೊಂಡವರಿಗೆ ಜೇಬು ಬಿಚ್ಚೋಕೇ ಆಗ್ತಿಲ್ಲವಂತೆ."

ಹೊಲಿದವರು ಯಾರೆಂದು ನಾನು ಕೇಳಲಿಲ್ಲ.